ಮಿಶ್ನಾದಲ್ಲಿ ಒಪ್ಪದೇ ಇರೋ ಅಭಿಪ್ರಾಯನೂ ಯಾಕೆ ಬರ್ದಿಟ್ಟಿದಾರೆ?

ಪುಸ್ತಕದಹುಳ: ಯೆಹೂದಿಗಳ ಹಳೇ ಧಾರ್ಮಿಕ ಕಾನೂನಿನ ಸಂಗ್ರಹ ಮಿಶ್ನಾ ಓದೋಕೆ ಶುರು ಮಾಡ್ದೆ, ಮೊದಲ ಪುಟದಲ್ಲೇ ತಲೆ ಕೆಡ್ತು. ಸಂಜೆಯ ಶೆಮಾ ಪ್ರಾರ್ಥನೆ ಎಷ್ಟೊತ್ತಿನ ತನಕ ಹೇಳ್ಬಹುದು ಅಂದ್ರೆ ರಬ್ಬಿ (ಯೆಹೂದಿ ಧರ್ಮಗುರು) ಎಲಿಯೆಜರ್ ಮೊದಲ ಜಾವ ಮುಗಿಯೋ ತನಕ ಅಂತಾರೆ, ಉಳಿದ ಪಂಡಿತರು ಮಧ್ಯರಾತ್ರಿ, ಗಮ್ಲಿಯೇಲ್ ಬೆಳಗಾಗೋ ತನಕ. ಕಾನೂನು ಅಂದ್ಮೇಲೆ ಒಂದೇ ಉತ್ತರ ಕೊಡ್ಬೇಕಲ್ವಾ?

ಹಳೇಮರ: ಅದನ್ನ ಬರೀ ಕಾನೂನು ಪುಸ್ತಕ ಅಂದ್ಕೊಂಡ್ರೆ ಕಷ್ಟ ಗುರು. ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮ್ ದೇವಾಲಯ ನಾಶ ಮಾಡಿದ್ಮೇಲೆ ಗುರು-ಶಿಷ್ಯರ ಬಾಯಲ್ಲೇ ಉಳ್ಕೊಂಡು ಬೆಳೆದ ಚರ್ಚೆಗಳನ್ನ ಸುಮಾರು 200ರ ಹೊತ್ತಿಗೆ ಗಲಿಲಾಯದಲ್ಲಿ ಯೆಹೂದಾ ಹನಾಸಿ ಜೋಡಿಸಿದ್ರು, 6 ವಿಭಾಗ, 63 ಗ್ರಂಥ. ದೇವಾಲಯನೇ ಇಲ್ಲ, ಆದ್ರೂ ಅಲ್ಲಿ ಕೊಡ್ತಿದ್ದ ಬಲಿಯ ವಿಧಿಗಳಿಗೆ ಅಂತ ಒಂದಿಡೀ ವಿಭಾಗ ಇದೆ ನೋಡಿ!

ಮೂಲೆಮನೆ: ನಿಮ್ಮ ಪ್ರಶ್ನೆನ ಮಿಶ್ನಾನೇ ಕೇಳ್ಕೊಂಡಿದೆ, ಎದುಯೋತ್ ಗ್ರಂಥದ ಮೊದಲ ಅಧ್ಯಾಯ ನೋಡಿ. ಮುಂದೆ ಯಾವ್ದಾದ್ರೂ ನ್ಯಾಯಸಭೆಗೆ ಬಹುಮತ ಒಪ್ಪದ ಆ ಒಬ್ಬರ ಮಾತೇ ಸರಿ ಅನ್ನಿಸಿದ್ರೆ ಅದನ್ನ ಆಧಾರವಾಗಿ ಹಿಡೀಬಹುದು ಅಂತ. ಅಂದಹಾಗೆ ನೀವು ಹೇಳಿದ ಜಾಗದಲ್ಲೇ ಗಮ್ಲಿಯೇಲ್ ಮಕ್ಕಳು ಔತಣ ಮುಗಿಸಿ ಲೇಟಾಗಿ ಮನೆಗೆ ಬಂದು ಶೆಮಾ ಹೇಳಿಲ್ಲ ಅಂತಾರಲ್ಲ, ಅದು ನಂಗೆ ತುಂಬಾ ಇಷ್ಟ 😄

ಹಳೇಮರ: ಹೌದ್ಹೌದು, ಬೆಳಗಾಗಿಲ್ಲ ತಾನೆ, ಈಗ್ಲೇ ಹೇಳಿ ಅಂದ್ಬಿಟ್ರು ಅಪ್ಪ. ಇದು ಮುಗಿದ್ಮೇಲೆ ಮಿಶ್ನಾಕ್ಕೆ ಪೂರಕವಾದ ಸಂಗ್ರಹ ತೊಸೆಫ್ತಾ ನೋಡಿ, ಮಿಶ್ನಾ ಮೇಲಿನ ದೊಡ್ಡ ಚರ್ಚೆಗಳ ಸಂಗ್ರಹ ತಾಲ್ಮುಡ್‌ಗೆ ಈಗ್ಲೇ ಕೈ ಹಾಕ್ಬೇಡಿ.