ದೋಣಿಯನ್ನು ಹೊಸ್ತಿಲ ಮೇಲೆ ಕೂರಿಸಬೇಡಿ: ಲಾಕ್ ದಾಟಿದವರ ಅನುಭವಗಳು

ಪ್ರಶ್ನೆ, ಇಂಗ್ಲೆಂಡಿನ ರೆಡಿಂಗ್‌ನಿಂದ:
ಜುಲೈಯಲ್ಲಿ ಬೆಂಗಳೂರಿನಿಂದ ಅಪ್ಪ ಅಮ್ಮ ಬರುತ್ತಿದ್ದಾರೆ. ಒಂದು ವಾರಕ್ಕೆ 60 ಅಡಿಯ ನ್ಯಾರೋಬೋಟ್ (ಕಾಲುವೆಯ ಕಿರಿದಾದ ದೋಣಿ) ಬಾಡಿಗೆಗೆ ಹಿಡಿದು, ನಾಂಟ್‌ವಿಚ್ ಕಡೆಯಿಂದ ಲಾಂಗೊಲೆನ್ ಕಾಲುವೆಯಲ್ಲಿ, ಕಾಲುವೆಯನ್ನೇ ನದಿಯ ಮೇಲೆ ದಾಟಿಸುವ ಪಾಂಟ್‌ಕಸಲ್ಟೆ ಮೇಲ್ಗಾಲುವೆಯವರೆಗೆ ಹೋಗಿ ಬರುವ ಯೋಜನೆ. ನಾನು, ಹೆಂಡತಿ, ಏಳು ವರ್ಷದ ಮಗ, ಎಪ್ಪತ್ತು ದಾಟಿದ ಇಬ್ಬರು ಹಿರಿಯರು. ದೋಣಿ ನಡೆಸಿದ ಅನುಭವ ಯಾರಿಗೂ ಇಲ್ಲ. ಗಂಟೆಗೆ ನಾಲ್ಕು ಮೈಲಿ ಮೀರದ ದೋಣಿಯಲ್ಲಿ ಅಪಾಯವೇನು ಎಂದುಕೊಂಡಿದ್ದೆ. ಲಾಕ್‌ಗಳ ಬಗ್ಗೆ ಓದಿದ ಮೇಲೆ ನಿದ್ದೆ ಬರುತ್ತಿಲ್ಲ. ದಾಟಿದವರು ಹೇಳಿ, ನಿಜಕ್ಕೂ ಹೆದರಬೇಕಾದದ್ದು ಯಾವುದಕ್ಕೆ?

ಬರ್ಮಿಂಗ್‌ಹ್ಯಾಮ್‌ನಿಂದ:
ಹೊಸ್ತಿಲಿಗೆ. ಉಳಿದದ್ದೆಲ್ಲ ಆಮೇಲೆ.

ಲಾಕ್ ಎಂದರೆ ಎರಡು ಕಡೆ ಕದ ಇರುವ ಕಲ್ಲಿನ ತೊಟ್ಟಿ; ತೂಬು ತೆರೆದು ಅದಕ್ಕೆ ನೀರು ತುಂಬಿಸಿ ಇಲ್ಲವೇ ಖಾಲಿ ಮಾಡಿ ದೋಣಿಯನ್ನು ಮೇಲಿನ ಇಲ್ಲವೇ ಕೆಳಗಿನ ಮಟ್ಟಕ್ಕೆ ಒಯ್ಯುತ್ತಾರೆ. ಮೇಲಿನ ಕದಗಳು ತೊಟ್ಟಿಯ ತಳದವರೆಗೆ ಇಳಿಯುವುದಿಲ್ಲ. ಒಂದು ಕಲ್ಲಿನ ಇಲ್ಲವೇ ಕಾಂಕ್ರೀಟಿನ ಕಟ್ಟೆಗೆ ಒತ್ತಿ ನಿಲ್ಲುತ್ತವೆ. ಆ ಕಟ್ಟೆಗೆ ಇಲ್ಲಿಯವರು ಸಿಲ್ ಎನ್ನುತ್ತಾರೆ, ನಮ್ಮ ಮಾತಿನಲ್ಲಿ ಹೊಸ್ತಿಲು. ತೊಟ್ಟಿ ತುಂಬಿದಾಗ ಅದು ನೀರಿನೊಳಗೆ ಮುಳುಗಿರುತ್ತದೆ, ಕಾಣುವುದಿಲ್ಲ. ಕೆಳಕ್ಕೆ ಇಳಿಯುವಾಗ ದೋಣಿಯ ಹಿಂಭಾಗ ಅದರ ಮೇಲಿದ್ದರೆ, ನೀರು ಇಳಿದಂತೆ ಹಿಂಭಾಗ ಅಲ್ಲೇ ಕೂರುತ್ತದೆ, ಮೂತಿ ಮಾತ್ರ ಕೆಳಗೆ ಹೋಗುತ್ತದೆ. ಹದಿನೈದು ಟನ್ನಿಗೂ ಮೇಲ್ಪಟ್ಟ ಉಕ್ಕು ಹಾಗೆ ವಾಲಿದರೆ ಮೂತಿಯ ಕಡೆಯಿಂದ ನೀರು ನುಗ್ಗಿ ಕೆಲವೇ ನಿಮಿಷಗಳಲ್ಲಿ ಮುಳುಗಬಹುದು. ಹೊಸ್ತಿಲ ಮೇಲೆ ಕೂರಬೇಡ ಎಂದು ನನ್ನ ಅಜ್ಜಿ ಗದರುತ್ತಿದ್ದುದು ಹಿರಣ್ಯಕಶಿಪುವಿನ ನೆಪದಲ್ಲಿ. ದೋಣಿಗೆ ಬೇರೆ ನೆಪ ಬೇಕಿಲ್ಲ.

ನಾನು ಕೂರಿಸಿದ್ದೇನೆ. ಟಾರ್ಡ್‌ಬಿಗ್‌ನಲ್ಲಿ ಸಾಲಾಗಿ 30 ಲಾಕ್‌ಗಳಿವೆ, ಬ್ರಿಟನ್ನಿನಲ್ಲಿ ಅದಕ್ಕಿಂತ ಉದ್ದದ ಸಾಲು ಇಲ್ಲ. ಇಪ್ಪತ್ತೆರಡೋ ಇಪ್ಪತ್ತಮೂರೋ ಇಳಿದಾಗಿತ್ತು. ಅಷ್ಟು ಹೊತ್ತಿಗೆ ನಾನು ಹುಟ್ಟಿದ್ದೇ ಅಂಬಿಗರ ಮನೆಯಲ್ಲಿ ಎನ್ನುವ ಭಾವ. ಗೇರನ್ನು ನ್ಯೂಟ್ರಲ್‌ಗೆ ಹಾಕಿ ಚಹಾದ ಲೋಟಕ್ಕೆ ಕೈ ಚಾಚಿದೆ. ದೋಣಿ ಸದ್ದಿಲ್ಲದೆ ಹಿಂದಕ್ಕೆ ಜಾರಿತ್ತು. ಮೊದಲು ತಿಳಿದದ್ದು ಕಣ್ಣಿಗಲ್ಲ, ಕಿವಿಗೆ: ಒಳಗಿನಿಂದ ಪಾತ್ರೆ ಉರುಳಿದ ಸದ್ದು. ದಡದಲ್ಲಿದ್ದ ಹೆಂಡತಿ ನಾನು ಬಾಯಿ ತೆರೆಯುವ ಮೊದಲೇ ಕೆಳಗಿನ ತೂಬುಗಳನ್ನು ಮುಚ್ಚಿ, ಓಡದೆ ನಡೆದುಹೋಗಿ ಮೇಲಿನ ತೂಬನ್ನು ಸ್ವಲ್ಪವೇ ಎತ್ತಿದಳು. ನೀರು ಮೆಲ್ಲನೆ ತುಂಬಿ ದೋಣಿ ಮತ್ತೆ ತೇಲಿತು. ಕ್ರಮ ಇದೇ: ಮೊದಲು ಖಾಲಿಯಾಗುವುದನ್ನು ನಿಲ್ಲಿಸಿ, ಆಮೇಲೆ ನಿಧಾನವಾಗಿ ತುಂಬಿಸಿ.

ಲಾಕ್‌ನ ಅಂಚಿನ ಮೇಲೆ ಬಣ್ಣದಲ್ಲಿ ಒಂದು ಗೆರೆ ಎಳೆದಿರುತ್ತಾರೆ, ಹೆಚ್ಚಾಗಿ ಬಿಳಿ. ಚುಕ್ಕಾಣಿಯೂ ಸೇರಿ ನಿಮ್ಮ ದೋಣಿಯ ಹಿಂತುದಿ ಆ ಗೆರೆಗಿಂತ ಸಾಕಷ್ಟು ಮುಂದಿರಬೇಕು. ಒಮ್ಮೆ ನೋಡಿದರೆ ಸಾಲದು, ತೊಟ್ಟಿ ಖಾಲಿಯಾಗುವವರೆಗೂ ನೋಡುತ್ತಲೇ ಇರಬೇಕು. ನಿಮ್ಮ ದಾರಿಯಲ್ಲಿ ಹೋಗುವಾಗ ಏರು, ಬರುವಾಗ ಇಳಿಕೆ. ಹೊಸ್ತಿಲು ಕಾಯುತ್ತಿರುವುದು ವಾರದ ಎರಡನೆಯ ಅರ್ಧದಲ್ಲಿ, ನಿಮಗೆ ಧೈರ್ಯ ಬಂದ ಮೇಲೆ.

ಸ್ಟಾಕ್‌ಪೋರ್ಟ್‌ನಿಂದ:
ಮೇಲಿನವರ ಹೆಂಡತಿಗೆ ನಮಸ್ಕಾರ. ದಡದ ಮೇಲಿನ ಕೆಲಸ ನಮ್ಮ ಮನೆಯಲ್ಲೂ ನನ್ನದೇ, ಆದ್ದರಿಂದ ಆ ಕಡೆಯ ಮಾತು ನಾನು ಹೇಳುತ್ತೇನೆ.

ತೂಬು ಎತ್ತಲು ವಿಂಡ್ಲೆಸ್ ಎಂಬ ಬಾಗಿದ ಕಬ್ಬಿಣದ ಹಿಡಿಕೆ ಕೊಡುತ್ತಾರೆ. ಅದನ್ನು ತಿರುಗಿಸುವಾಗ ಹಲ್ಲುಚಕ್ರಕ್ಕೆ ಒಂದು ಕೊಂಡಿ ಬಿದ್ದು, ತೂಬು ಕೆಳಗೆ ಜಾರದಂತೆ ತಡೆಯುತ್ತದೆ. ಆ ಕೊಂಡಿ ಕೂತಿದೆಯೇ ಎಂದು ನೋಡದೆ ಕೈ ಬಿಡಬೇಡಿ. ವಿಂಡ್ಲೆಸ್ ಅನ್ನು ಅಲ್ಲೇ ಸಿಕ್ಕಿಸಿಟ್ಟು ಪಕ್ಕದವರೊಡನೆ ಮಾತಿಗೆ ನಿಲ್ಲಲೂ ಬೇಡಿ. ಕೊಂಡಿ ಜಾರಿದರೆ ತೂಬು ತನ್ನ ಭಾರಕ್ಕೆ ಬೀಳುತ್ತದೆ, ಹಿಡಿಕೆ ಗರಗರನೆ ತಿರುಗಿ ಹಾರುತ್ತದೆ. ನನ್ನ ಮೊಣಕೈಗೆ ಬಡಿದದ್ದು ಆರು ವಾರ ನೀಲಿಯಾಗಿತ್ತು. ಆ ಎತ್ತರದಲ್ಲಿ ಮಕ್ಕಳ ಮುಖವಿರುತ್ತದೆ ಎನ್ನುವುದು ಆಮೇಲೆ ಹೊಳೆದು ಕೈಕಾಲು ತಣ್ಣಗಾದವು. ತಾನಾಗಿ ತಿರುಗುತ್ತಿರುವ ವಿಂಡ್ಲೆಸ್ ಹಿಡಿಯಲು ಹೋಗಬೇಡಿ, ದೂರ ಸರಿಯಿರಿ. ತೂಬು ಇಳಿಸುವಾಗಲೂ ಕೈಯಿಂದ ತಿರುಗಿಸಿಯೇ ಇಳಿಸಬೇಕು.

ಎಂಜಿನ್ ಸದ್ದಿನಲ್ಲಿ ಕೂಗು ಕೇಳುವುದಿಲ್ಲ. ನಾವು ಕೈಸನ್ನೆ ಮಾಡಿಕೊಂಡಿದ್ದೇವೆ. ತಲೆಯ ಮೇಲೆ ಕೈ ಅಡ್ಡ ಹಿಡಿದರೆ "ಎಲ್ಲ ತೂಬು ಮುಚ್ಚು" ಎಂದರ್ಥ. ಚುಕ್ಕಾಣಿ ಹಿಡಿದವರು ಸನ್ನೆ ಕೊಡದೆ ಯಾರೂ ಏನನ್ನೂ ತೆರೆಯಬಾರದು. ಸಹಾಯಕ್ಕೆ ಬರುವ ದಾರಿಹೋಕರಿಗೂ ಇದೇ ನಿಯಮ. ಒಳ್ಳೆಯವರೇ, ಆದರೆ ಅವಸರದವರು.

ಮಂಡ್ಯದಿಂದ:
ನಾನು ನೀರಾವರಿ ಇಲಾಖೆಯಿಂದ ನಿವೃತ್ತ. ಮಗಳ ಮನೆಗೆ ಬಂದಾಗ ಇದೇ ಲಾಂಗೊಲೆನ್ ಕಾಲುವೆಯಲ್ಲಿ ಐದು ದಿನ ಕಳೆದೆ. ನಾಲೆಯ ತೂಬುಗಳೊಡನೆ ಮೂವತ್ತು ವರ್ಷ ಬದುಕಿದವನಿಗೂ ಹೊಸದಾಗಿ ಕಂಡದ್ದು ಎರಡು.

ಮೊದಲನೆಯದು, ಇದು ನಿಂತ ನೀರಲ್ಲ. ಲಾಂಗೊಲೆನ್ ಊರಿಗಿಂತ ಮೇಲೆ ಹಾರ್ಸ್‌ಶೂ ಫಾಲ್ಸ್ ಎಂಬ ಒಡ್ಡಿನಲ್ಲಿ ಡೀ ನದಿಯಿಂದ ನೀರು ತೆಗೆದು, ಕಾಲುವೆಯ ಮೂಲಕವೇ ಹರ್ಲ್‌ಸ್ಟನ್ ಜಲಾಶಯಕ್ಕೆ ಹರಿಸುತ್ತಾರೆ. ಆದ್ದರಿಂದ ಪ್ರತಿ ಲಾಕ್‌ನ ಪಕ್ಕದಲ್ಲೂ ಹೆಚ್ಚುವರಿ ನೀರು ಲಾಕನ್ನು ಸುತ್ತಿಕೊಂಡು ಇಳಿದು, ಕೆಳಗಿನ ಬಾಯಿಯ ಹತ್ತಿರ ಅಡ್ಡಲಾಗಿ ಬಂದು ಸೇರುತ್ತದೆ. ಏರುವವರ ಮೂತಿಯನ್ನು ಅದು ಸರಿಯಾಗಿ ಒಳಗೆ ಹೋಗುವ ಕ್ಷಣದಲ್ಲಿ ಪಕ್ಕಕ್ಕೆ ದೂಡುತ್ತದೆ. ಆಗ ಕಾಲು ಚಾಚಿ ಗೋಡೆ ಒದೆಯುವ ಆಸೆ ಬರುತ್ತದೆ. ಲಾಕ್ ಏಳು ಅಡಿ ಅಗಲ, ದೋಣಿ ಆರು ಅಡಿ ಹತ್ತು ಅಂಗುಲ. ಉಳಿದ ಜಾಗದಲ್ಲಿ ಕಾಲು ಹಿಡಿಸುವುದಿಲ್ಲ. ದೋಣಿಯನ್ನು ಗೋಡೆಗೆ ಬಡಿಯಲು ಬಿಡಿ, ಉಕ್ಕು ತಡೆದುಕೊಳ್ಳುತ್ತದೆ. ಬಡಿತ ತಡೆಯಲು ಪಕ್ಕದಲ್ಲಿ ತೂಗುವ ಫೆಂಡರ್‌ಗಳನ್ನು ಲಾಕ್‌ಗೆ ಮೊದಲೇ ಎತ್ತಿಟ್ಟಿರಿ, ಇಲ್ಲವಾದರೆ ಅವೇ ಬೆಣೆಯಂತೆ ಸಿಕ್ಕಿಕೊಳ್ಳುತ್ತವೆ.

ಎರಡನೆಯದು ತೂಬಿನ ಸರದಿ. ಕೆಲವು ಲಾಕ್‌ಗಳಲ್ಲಿ ನೆಲದಡಿಯ ತೂಬೂ ಉಂಟು, ಕದದಲ್ಲೇ ಇರುವ ತೂಬೂ ಉಂಟು. ಏರುವಾಗ ಮೊದಲು ನೆಲದಡಿಯದು, ಅದೂ ಅರ್ಧದಷ್ಟು. ದೋಣಿ ಹೇಗೆ ವರ್ತಿಸುತ್ತದೆ ಎಂದು ನೋಡಿ ಉಳಿದರ್ಧ. ಕದದ ತೂಬಿನ ಬಾಯಿ ನೀರಿನಲ್ಲಿ ಮುಳುಗುವ ಮೊದಲೇ ಅದನ್ನು ಎತ್ತಿದರೆ ಧಾರೆ ನೇರ ಮೂತಿಯೊಳಗೆ ಸುರಿಯುತ್ತದೆ. ಮುಂದಿನ ಬಾಗಿಲು ತೆರೆದಿದ್ದರೆ ನಿಮ್ಮ ಹಾಸಿಗೆ ನೆನೆಯುವುದು ಸಣ್ಣ ನಷ್ಟ.

ಲೆಸ್ಟರ್‌ನಿಂದ:
ವೈದ್ಯೆಯಾಗಿ ಬರೆಯುತ್ತಿದ್ದೇನೆ. ಯಾರಾದರೂ ನೀರಿಗೆ ಬಿದ್ದರೆ ಮೊದಲು ಗೇರನ್ನು ನ್ಯೂಟ್ರಲ್‌ಗೆ ತನ್ನಿ. ಚುಕ್ಕಾಣಿಯ ಹತ್ತಿರವೇ ನೀರಿನೊಳಗೆ ಪ್ರೊಪೆಲ್ಲರ್ ಇದೆ. ತೂಬುಗಳನ್ನು ಮುಚ್ಚಿಸಿ. ಹಗ್ಗವನ್ನೋ ತೇಲುಬಳೆಯನ್ನೋ ಎಸೆಯಿರಿ, ಹಿಂದೆಯೇ ಧುಮುಕಬೇಡಿ. ಜುಲೈಯಲ್ಲೂ ಲಾಕ್‌ನ ನೀರಿನ ತಣುಪಿಗೆ ಉಸಿರು ಕಟ್ಟುತ್ತದೆ. ಹಿಂದಕ್ಕೆ ಚಲಿಸುವಾಗ ಚುಕ್ಕಾಣಿಯ ಹಿಡಿಕೆ ತಿರುಗುವ ವೃತ್ತದೊಳಗೆ ಯಾರೂ ನಿಲ್ಲಬಾರದು; ಅಡಿಯಲ್ಲಿ ಏನಾದರೂ ತಗುಲಿದರೆ ಅದು ಬೀಸಿ ಬಂದು ಮನುಷ್ಯನನ್ನು ಸೀದಾ ಪ್ರೊಪೆಲ್ಲರ್ ಕಡೆಗೇ ತಳ್ಳುತ್ತದೆ.

ಇನ್ನೊಂದು. ಇಲ್ಲಿಯವರು ವೈಲ್ಸ್ ಕಾಯಿಲೆ ಎನ್ನುವುದು ನಮ್ಮ ಮಲೆನಾಡಿನ ಇಲಿಜ್ವರದ ತೀವ್ರ ರೂಪವೇ. ಕೈಯಲ್ಲಿ ಗಾಯವಿದ್ದರೆ ಮುಚ್ಚಿ, ಹಗ್ಗ ಮುಟ್ಟಿದ ಕೈಯನ್ನು ಊಟಕ್ಕೆ ಮೊದಲು ತೊಳೆಯಿರಿ. ವಾಪಸಾದ ಎರಡು ಮೂರು ವಾರಗಳೊಳಗೆ ಯಾರಿಗಾದರೂ ಜ್ವರ ಬಂದರೆ ಕಾಲುವೆಗೆ ಹೋಗಿದ್ದನ್ನು ವೈದ್ಯರಿಗೆ ಹೇಳಲು ಮರೆಯಬೇಡಿ, ಬೆಂಗಳೂರಿಗೆ ಮರಳಿದ ಅಪ್ಪ ಅಮ್ಮನೂ ಸಹ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆ. ಲಾಕ್ ದಾಟುವಾಗ ಅಮ್ಮ ಮತ್ತು ಮಗ ಎಲ್ಲಿರಬೇಕು? ಅಮ್ಮನಿಗೆ ಸೀರೆ ಬಿಟ್ಟು ಬೇರೆ ಉಡುಪಿನ ಅಭ್ಯಾಸವಿಲ್ಲ.

ಸ್ಟಾಕ್‌ಪೋರ್ಟ್‌ನಿಂದ:
ಸೆರಗು, ದುಪಟ್ಟಾ, ಉದ್ದ ಜಡೆ ಯಾವುದೂ ಹಲ್ಲುಚಕ್ರದ ಹತ್ತಿರ ಹೋಗಬಾರದು. ಅಮ್ಮನನ್ನು ಲಾಕ್‌ಗೆ ಮೊದಲೇ ದಡಕ್ಕೆ ಇಳಿಸಿ, ಹೊಸ್ತಿಲ ಗೆರೆ ಕಾಯುವ ಕೆಲಸ ಕೊಡಿ, ಅಂಚಿನಿಂದ ನಾಲ್ಕು ಹೆಜ್ಜೆ ಹಿಂದೆ. ನನ್ನ ಅತ್ತೆಯಷ್ಟು ನಿಷ್ಠುರ ಕಾವಲುಗಾರರನ್ನು ನಾನು ಕಂಡಿಲ್ಲ. ಮಗನಿಗೆ ಇಡೀ ವಾರ ಲೈಫ್‌ಜಾಕೆಟ್. ಚಾವಣಿಯ ಮೇಲೆ ಕೂರುವುದು ಬೇಡ.

ಬರ್ಮಿಂಗ್‌ಹ್ಯಾಮ್‌ನಿಂದ:
ಸೇತುವೆಗಳಿಲ್ಲದ ಕಡೆ, ದೋಣಿ ಕಟ್ಟಿ ನಿಲ್ಲಿಸಿದಾಗ ಚಾವಣಿ ಪರವಾಗಿಲ್ಲ ಎಂದು ನನ್ನ ಅಭಿಪ್ರಾಯ. ಪಾಂಟ್‌ಕಸಲ್ಟೆಯಲ್ಲಿ ಮಾತ್ರ ಖಂಡಿತ ಬೇಡ. 1805ರ ಆ ಕಬ್ಬಿಣದ ತೊಟ್ಟಿ ಡೀ ನದಿಯಿಂದ 126 ಅಡಿ ಮೇಲಿದೆ. ಕಾಲುದಾರಿಯ ಕಡೆ ಕಂಬಿಬೇಲಿ ಉಂಟು. ಇನ್ನೊಂದು ಕಡೆ ತೊಟ್ಟಿಯ ಅಂಚು, ಅದರಾಚೆ ಗಾಳಿ. ಮಗ ಒಳಗಿನ ಕಿಟಕಿಯಿಂದ ನೋಡಲಿ.

ಮಂಡ್ಯದಿಂದ:
ಗ್ರಿಂಡ್ಲೆ ಬ್ರೂಕ್‌ನಲ್ಲಿ ಮೂರು ಲಾಕ್‌ಗಳು ಮೆಟ್ಟಿಲಿನಂತೆ ಒಂದಕ್ಕೊಂದು ಅಂಟಿಕೊಂಡಿವೆ. ಬೇಸಿಗೆಯಲ್ಲಿ ಲಾಕ್ ಕೀಪರ್ ಇರುತ್ತಾರೆ. ಮೊದಲು ನಡೆದುಹೋಗಿ ಅವರನ್ನು ಕಂಡು, ಅವರು ಬರಹೇಳಿದ ಮೇಲೆಯೇ ದೋಣಿ ತನ್ನಿ. ಅಲ್ಲಿ ನಾನು ಇಲಾಖೆಯ ಅನುಭವ ಹೇಳಲು ಹೋಗಿ ನಯವಾಗಿ ಬೈಸಿಕೊಂಡೆ.

ಸ್ಟಾಕ್‌ಪೋರ್ಟ್‌ನಿಂದ:
ಮರೆತಿದ್ದೆ. ಬಾಡಿಗೆಯವರು ಎರಡು ವಿಂಡ್ಲೆಸ್ ಕೊಟ್ಟರೆ ಮೂರನೆಯದನ್ನು ಕೇಳಿ ಪಡೆಯಿರಿ. ಹೋಗಿ ಬರುವಾಗ ಸೇರಿ ನಿಮಗೆ ನಲವತ್ತರ ಹತ್ತಿರ ಲಾಕ್‌ಗಳು. ಒಂದು ವಿಂಡ್ಲೆಸ್ ನೀರುಪಾಲಾಗುವುದು ಖಂಡಿತ.