ಆಪರೇಷನ್‌ಗೆ ಮೊದಲು ರಾತ್ರಿಯಿಂದಲೇ ಉಪವಾಸ ಬೇಕಾ? ಕಮ್ಮಿ ಮಾಡಿದ್ರೆ ಬಿಲ್ ಇಳಿತದಾ?

ಕದ್ರಿಯವಳು:
ಅಮ್ಮನಿಗೆ ಪಿತ್ತಕೋಶದಲ್ಲಿ ಕಲ್ಲು ಉಂಟು, ಬರುವ ವಾರ ಮಂಗಳೂರಲ್ಲೇ ಲ್ಯಾಪರೊಸ್ಕೋಪಿ (ಸಣ್ಣ ತೂತು ಹಾಕಿ ಮಾಡುವ ಆಪರೇಷನ್), ಟೈಮ್ ಮಧ್ಯಾಹ್ನ 12 ಗಂಟೆ, ಆದ್ರೆ ರಾತ್ರಿ ಊಟ ಆದ್ಮೇಲೆ ಒಂದು ಗುಟುಕು ನೀರೂ ಕೊಡ್ಬೇಡಿ ಅಂತಾರೆ. ಹೋದ ವರ್ಷ ಅಪ್ಪನ ಹರ್ನಿಯಾಕ್ಕೂ ಹೀಗೇ, ಮಧ್ಯೆ ಎಮರ್ಜೆನ್ಸಿ ಬಂತು ಅಂತ ಸಂಜೆವರೆಗೆ ಕಾಯಿಸಿದ್ರು, ತುಟಿ ಒಣಗಿ ಸಿಪ್ಪೆ ಎದ್ದಿತ್ತು, ಡ್ರಿಪ್ ಹಾಕ್ಲಿಕ್ಕೆ ನರ ಸಿಗದೆ ಎರಡೂ ಕೈ ಚುಚ್ಚಿದ್ರು, ಆಮೇಲೆ ವಾಂತಿ ನಿಲ್ಲದೆ ಒಂದು ದಿನ ಜಾಸ್ತಿ ನಿಲ್ಬೇಕಾಯ್ತು. ಉಪವಾಸ ಕಮ್ಮಿ ಆದ್ರೆ ಖರ್ಚೂ ಕಮ್ಮಿ ಆಗ್ತದಾ? ಗೊತ್ತಿದ್ದವರು ಹೇಳಿ ಮಾರಾಯ್ರೆ.

ಓಟಿ ಕೆಲಸದವ, ಉಡುಪಿ:
ರಾತ್ರಿಯಿಂದ ನೀರು ಬಂದ್ ಅನ್ನೋದು ಹಳೇ ಪದ್ಧತಿ. ಅನಸ್ತೇಶಿಯಾ ಕೊಟ್ಟು ಪ್ರಜ್ಞೆ ತಪ್ಪಿದ ಮೇಲೆ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಹೋದ್ರೆ ಜೀವಕ್ಕೇ ಅಪಾಯ, 1946ರಲ್ಲಿ ಮೆಂಡೆಲ್ಸನ್ ಅನ್ನುವ ಡಾಕ್ಟರ್ ಹೆರಿಗೆ ಕೇಸ್‌ಗಳಲ್ಲಿ ಇದನ್ನು ಬರೆದಿಟ್ಟ ಮೇಲೆ ಎಲ್ಲ ಕಡೆ ಭಯ ಹತ್ತಿತು. ಆದ್ರೆ ನೀರು ಹೊಟ್ಟೆಯಲ್ಲಿ ಜಾಸ್ತಿ ಹೊತ್ತು ನಿಲ್ಲುದಿಲ್ಲ. ಈಗಿನ ನಿಯಮ, ಎಣ್ಣೆ ತಿಂಡಿ, ಮಾಂಸ ಆದ್ರೆ ಆಪರೇಷನ್‌ಗೆ 8 ಗಂಟೆ ಮೊದಲೇ ನಿಲ್ಲಿಸ್ಬೇಕು, ಹಗುರ ತಿಂಡಿ ಮತ್ತೆ ಹಾಲು 6 ಗಂಟೆ, ನೀರು, ಹಾಲು ಹಾಕದ ಕಣ್ಣ ಚಾ 2 ಗಂಟೆ ಮೊದಲಿನವರೆಗೆ. ಅಂದ್ರೆ 12ಕ್ಕೆ ಆಪರೇಷನ್ ಇದ್ರೆ 10ರವರೆಗೆ ನೀರು ಕುಡಿಬಹುದು. ಗಂಜಿ ಮಾತ್ರ ಇದ್ರಲ್ಲಿ ಬರುದಿಲ್ಲ, ಅದು ಊಟದ ಲೆಕ್ಕ. ವಾರ್ಡಲ್ಲಿ ಎಲ್ಲರಿಗೂ ಒಂದೇ ಟೈಮ್ ಹೇಳುದು ಯಾಕಂದ್ರೆ ಓಟಿ (ಆಪರೇಷನ್ ಥಿಯೇಟರ್) ಲಿಸ್ಟ್ ಯಾವಾಗ ಬೇಕಾದ್ರೂ ಹಿಂದೆ ಮುಂದೆ ಆಗ್ತದೆ, ಅದರ ಕಷ್ಟ ಪೇಷಂಟ್ ತಲೆಗೆ.

ಬಿಲ್ಲಿಂಗ್ ಕೌಂಟರ್:
ಬರೀ ನೀರು ಕುಡಿಸಿದ್ರೆ ಬಿಲ್ ಅರ್ಧ ಆಗ್ತದೆ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ. ಡ್ರಿಪ್, ವಾಂತಿ ಇಂಜೆಕ್ಷನ್ ಎಲ್ಲ ಸಣ್ಣ ಲೆಕ್ಕ. ದೊಡ್ಡದು ದಿನದ ಲೆಕ್ಕ: ರೂಮ್, ನರ್ಸಿಂಗ್, ಡಾಕ್ಟರ್ ವಿಸಿಟ್ ಎಲ್ಲ ದಿನಕ್ಕೆ ಬೀಳ್ತದೆ. ಆಪರೇಷನ್‌ಗೆ ಮೊದಲು ಸಕ್ಕರೆ ಅಂಶದ ಪಾನೀಯ ಕೊಟ್ಟವರ ಬಗ್ಗೆ ಕೊಕ್ರೇನ್ (ವೈದ್ಯಕೀಯ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡುವ ಸಂಸ್ಥೆ) ನವರು 2014ರಲ್ಲಿ ಲೆಕ್ಕ ಹಾಕಿದ್ರಲ್ಲಿ ಆಸ್ಪತ್ರೆಯಲ್ಲಿ ಇರುವುದು ಸರಾಸರಿ 0.3 ದಿನ ಅಷ್ಟೇ ಕಮ್ಮಿ ಆದದ್ದು. ಪ್ಯಾಕೇಜ್ (ಎಲ್ಲ ಸೇರಿ ಒಂದೇ ರೇಟ್) ಆದ್ರೆ ಅದೂ ನಿಮ್ಮ ಕೈಗೆ ಬರ್ಲಿಕ್ಕಿಲ್ಲ, ಉಳಿದದ್ದು ಆಸ್ಪತ್ರೆಗೆ. ಅದಕ್ಕಿಂತ ಅನಸ್ತೇಶಿಯಾ ಚೆಕಪ್ ಮೊದಲೇ ಓಪಿಡಿಯಲ್ಲಿ ಮುಗಿಸಿ ಅದೇ ದಿನ ಬೆಳಿಗ್ಗೆ ಅಡ್ಮಿಟ್ ಆಗ್ಬಹುದಾ ಕೇಳಿ, ಒಂದು ರಾತ್ರಿಯ ಬಾಡಿಗೆ ಅಲ್ಲೇ ಉಳಿತದೆ.

ಕದ್ರಿಯವಳು:
ಉಪಕಾರ ಆಯ್ತು. ಅಮ್ಮನಿಗೆ ಶುಗರ್ ಉಂಟು, ಮಾತ್ರೆ ತಗೊಳ್ತಾರೆ, ತೊಂದರೆ ಇಲ್ವಾ?

ಓಟಿ ಕೆಲಸದವ, ಉಡುಪಿ:
ಹಾಗಾದ್ರೆ ನೀವಾಗಿ ಎಂತ ಸಹ ಕೊಡ್ಬೇಡಿ. ಶುಗರ್ ಹಳೇದಾದ್ರೆ ಕೆಲವರಿಗೆ ಹೊಟ್ಟೆ ಖಾಲಿ ಆಗುದು ನಿಧಾನ, ಗರ್ಭಿಣಿಯರಿಗೆ, ಜೋರು ಎದೆಯುರಿ ಇದ್ದವರಿಗೂ ಬೇರೆ ಲೆಕ್ಕ. ಮಾತ್ರೆ ಯಾವುದು ನಿಲ್ಲಿಸ್ಬೇಕು, ನೀರು ಎಷ್ಟು ಗಂಟೆವರೆಗೆ ಅಂತ ಅನಸ್ತೇಶಿಯಾ ಡಾಕ್ಟರ್ ಹತ್ರವೇ ಕೇಳಿ ಫೈಲಲ್ಲಿ ಬರೆಸಿ, ವಾರ್ಡಲ್ಲಿ ಡ್ಯೂಟಿ ಬದಲಾದ್ರೂ ಗೊಂದಲ ಆಗುದಿಲ್ಲ. ಶುಗರ್ ಇದ್ದವರನ್ನು ಸಾಧಾರಣ ಲಿಸ್ಟಲ್ಲಿ ಮೊದಲೇ ಹಾಕ್ತಾರೆ, 12 ಗಂಟೆ ಬದಲು ಬೆಳಿಗ್ಗೆ ಮೊದಲ ಕೇಸ್ ಮಾಡ್ತೀರಾ ಅಂತ ಸರ್ಜನ್ ಹತ್ರ ಇವತ್ತೇ ಮಾತಾಡಿ.