370ಝೆಡ್ ಕಾರಿನ ಹುಚ್ಚು ಯಾಕೆ ಇಳಿಯಿತು?

ಪ್ರಶ್ನೆ (ಕಾರವಾರ): ಅಣ್ಣ, ಬೆಂಗಳೂರಿನಲ್ಲಿ ಮಾವನ ಗೆಳೆಯರೊಬ್ಬರು 2011ರ ನಿಸಾನ್ 370ಝೆಡ್ ಮಾರುತ್ತಿದ್ದಾರೆ. ನಾವು ಹೈಸ್ಕೂಲಿನಲ್ಲಿದ್ದಾಗ ಎಲ್ಲರ ಬಾಯಲ್ಲೂ ಇದೇ ಕಾರು, ಈಗ ಯಾರೂ ಸುದ್ದಿಯೇ ಎತ್ತುವುದಿಲ್ಲ. ಕಾರಿನಲ್ಲೇ ಏನಾದರೂ ದೋಷ ಇದೆಯಾ? ಇಲ್ಲಿಗೆ ತಂದರೆ ನಡೆಯುತ್ತದಾ?

ಉತ್ತರ (ಗ್ಯಾರೇಜ್, ಶಿರಸಿ): ದೋಷ ಅಲ್ಲ ತಮ್ಮಾ, ಅದು ಇದ್ದಲ್ಲೇ ಉಳಿಯಿತು. 2008ರ ಕೊನೆಗೆ ಬಂದಾಗ 3.7 ಲೀಟರಿನ ವಿ6 ಅಂದರೆ ಆರು ಸಿಲಿಂಡರಿನ ಎಂಜಿನ್, 332 ಹಾರ್ಸ್‌ಪವರ್, ಆ ಬೆಲೆಗೆ ದೊಡ್ಡ ಮಾತು. ಗೇರ್ ಇಳಿಸುವಾಗ ಎಂಜಿನ್ ವೇಗವನ್ನು ತಾನೇ ಹೊಂದಿಸಿಕೊಳ್ಳುವ ಮ್ಯಾನುವಲ್ ಗೇರ್‌ಬಾಕ್ಸ್ ಮೊದಲು ಬಂದದ್ದೂ ಇದರಲ್ಲೇ. ಆದರೆ 2020ರವರೆಗೂ ಅದೇ ಎಂಜಿನ್, ಹೆಚ್ಚುಕಡಿಮೆ ಅದೇ ಡ್ಯಾಶ್‌ಬೋರ್ಡ್. ಅಷ್ಟರಲ್ಲಿ 2015ರ ಫೋರ್ಡ್ ಮಸ್ಟ್ಯಾಂಗ್ ಬರೀ 2.3 ಲೀಟರಿನ ನಾಲ್ಕು ಸಿಲಿಂಡರ್ ಟರ್ಬೋ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸಾಧನ ಇರುವ) ಎಂಜಿನ್ನಿಂದ 310 ಹಾರ್ಸ್‌ಪವರ್ ಕೊಡುತ್ತಿತ್ತು. ಇದರ ಹಿಂದಿನ 350ಝೆಡ್ ಅಮೆರಿಕದಲ್ಲಿ 2003ರಲ್ಲಿ 36,000ಕ್ಕೂ ಜಾಸ್ತಿ ಮಾರಾಟವಾಗಿತ್ತು, 2019ರಲ್ಲಿ 370ಝೆಡ್ 2,500 ಕೂಡ ಮುಟ್ಟಲಿಲ್ಲ.

ಇನ್ನೊಂದು ವಿಷಯ. ಮನೆ ಬಳಕೆಯ ಕಾರನ್ನು ಜನ ಹಳೇದು ಸವೆದಾಗ ಕೊಳ್ಳುತ್ತಾರೆ, ಹಾಗಾಗಿ ಅದಕ್ಕೆ ಪ್ರತಿ ವರ್ಷ ಗಿರಾಕಿ ಇರುತ್ತದೆ. ಎರಡೇ ಸೀಟಿನ ಸ್ಪೋರ್ಟ್ಸ್ ಕಾರು ಯಾರಿಗೂ ಅಗತ್ಯ ಅಲ್ಲ, ಆಸೆ ಇದ್ದವರು ಮೊದಲ ಎರಡು ಮೂರು ವರ್ಷದಲ್ಲೇ ಕೊಂಡು ಮುಗಿಸುತ್ತಾರೆ, ಆಮೇಲೆ ಮಾರಾಟ ಇಲ್ಲ ಅಂತ ಕಂಪನಿ ದುಡ್ಡು ಹಾಕುವುದಿಲ್ಲ, ದುಡ್ಡು ಹಾಕಿಲ್ಲ ಅಂತ ಮಾರಾಟ ಇನ್ನೂ ಬೀಳುತ್ತದೆ.

ಪ್ರಶ್ನೆ (ಕುಮಟಾ): ಹಾಗಾದರೆ 90ರ ದಶಕದ ಟೊಯೊಟಾ ಸುಪ್ರಾಕ್ಕೆ ಈಗ ಅಷ್ಟು ರೇಟು ಯಾಕೆ? ಅದೂ ಮಾರಾಟವಾಗದೆ ನಿಂತದ್ದೇ ಅಲ್ವಾ?

ಉತ್ತರ: ಹೌದು ಮಾರಾಯಾ, ಅಮೆರಿಕದಲ್ಲಿ 1998ಕ್ಕೇ ನಿಲ್ಲಿಸಿದರು. ಆದರೆ ಅದರ 2ಜೆಝೆಡ್ ಎಂಜಿನ್ನಿನದು ಎರಕದ ಕಬ್ಬಿಣದ ಬ್ಲಾಕ್. ದೊಡ್ಡ ಟರ್ಬೋ ಹಾಕಿ ಶಕ್ತಿಯನ್ನು ದುಪ್ಪಟ್ಟು ಮಾಡಿದರೂ ತಡೆಯುತ್ತದೆ. ಹುಡುಗರಾಗಿದ್ದಾಗ ಅದನ್ನು ಆಸೆಯಿಂದ ನೋಡಿದವರ ಕೈಗೆ ಈಗ ದುಡ್ಡು ಬಂದಿದೆ. 370ಝೆಡ್‌ಗೆ ಟರ್ಬೋನೇ ಇಲ್ಲ, ಶಕ್ತಿ ಜಾಸ್ತಿ ಮಾಡಲು ಖರ್ಚು ತುಂಬ. ಆದರೂ ಟರ್ಬೋ ಇಲ್ಲದ ದೊಡ್ಡ ವಿ6, ಜೊತೆಗೆ ಮ್ಯಾನುವಲ್ ಗೇರ್, ಇದು ಈಗ ಹೊಸದಾಗಿ ಸಿಗುವುದೇ ಅಪರೂಪ. ನನಗೆ ಇವತ್ತಿಗೂ ಇಷ್ಟದ ಕಾರು.

ಕಾರವಾರದ ತಮ್ಮ, ಜನ ಮರೆತದ್ದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ, ಕೊಳ್ಳುವವನಿಗೆ ಅದು ಲಾಭವೇ. ಯೋಚಿಸಬೇಕಾದ್ದು ಪಾರ್ಟ್ಸ್ ಬಗ್ಗೆ. ಪೂರ್ತಿ ಆಮದಾಗಿ ಬಂದ ಕಾರು, ಸಣ್ಣ ಸೆನ್ಸರ್ ಹೋದರೂ ಕಾಯಬೇಕಾದೀತು. ಕಡಲ ಉಪ್ಪು ಗಾಳಿಗೆ ತಳ ಮತ್ತು ಬ್ರೇಕ್ ಪೈಪ್ ತುಕ್ಕು ಹಿಡಿಯುತ್ತವೆ, ಮಳೆಗಾಲಕ್ಕೆ ಮುಂಚೆ ಕೋಟಿಂಗ್ ಮಾಡಿಸಲೇಬೇಕು. ಕಾರು ತಗ್ಗು, ಮಳೆಯಲ್ಲಿ ಶಿರಸಿ-ಕುಮಟಾ ದಾರಿಯ ದೇವಿಮನೆ ಘಾಟಿಗೆ ತರಬೇಡ.

ಕೊಳ್ಳುವ ಮೊದಲು ಎರಡು ನೋಡು. ಮೊದಮೊದಲ ವರ್ಷಗಳ ಕಾರುಗಳಲ್ಲಿ ಆಯಿಲ್ ಗ್ಯಾಲರಿಯ (ಎಂಜಿನ್ ಒಳಗೆ ಆಯಿಲ್ ಹರಿಯುವ ದಾರಿಯ) ಗ್ಯಾಸ್ಕೆಟ್ ಒಡೆದು ಆಯಿಲ್ ಪ್ರೆಶರ್ ಇಳಿಯುತ್ತದೆ, ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಗೇಜ್ ಹಾಕಿಸಿ ಅಳೆಸು. ಮ್ಯಾನುವಲ್ ಆದರೆ ಕ್ಲಚ್ ಸ್ಲೇವ್ ಸಿಲಿಂಡರ್ (ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ಭಾಗ) ಬದಲಾಯಿಸಿದ ಬಿಲ್ಲು ಕೇಳು, ಗೇರ್‌ಬಾಕ್ಸ್ ಇಳಿಸದೆ ಆ ಕೆಲಸ ಆಗುವುದಿಲ್ಲ. ಬಿಲ್ಲು ಇಲ್ಲದಿದ್ದರೆ ಆ ಖರ್ಚನ್ನು ಬೆಲೆಯಲ್ಲಿ ಮುರಿಸಿಕೋ.